ಸಂಜೆಯಾದ್ರೆ ಪರದೆ ಮೇಲೆ ಗುಲಾಬಿ ಗೆರೆ, ಹಸಿರು ಚೌಕ: ಅನುಭವ ಇದ್ದವರು ಹೇಳಿ

ಕಾರವಾರ, ಕೋಡಿಬಾಗ (ಕೇಳಿದವರು):
ನಮಸ್ಕಾರ. ಡಿಟಿಪಿ ಅಂಗಡಿ ನಂದು. ಮಷಿನ್‌ಗೆ ಐದು ವರ್ಷ, 4 ಜಿಬಿ ಗ್ರಾಫಿಕ್ಸ್ ಕಾರ್ಡ್ (ಪರದೆಗೆ ಚಿತ್ರ ಕಳಿಸೋದು), 24 ಇಂಚಿನ ಮಾನಿಟರ್, ಎಚ್‌ಡಿಎಂಐ ಕೇಬಲ್. ಮಳೆ ಹಿಡಿದಾಗಿಂದ ಸಂಜೆ 6 ಗಂಟೆ ದಾಟಿದ್ರೆ ಪರದೆ ಮೇಲೆ ಗುಲಾಬಿ ಅಡ್ಡಗೆರೆ, ನಡುನಡುವೆ ಹಸಿರು ಚೌಕ. ಬೆಳಿಗ್ಗೆ ಏನೂ ಇರೂದಿಲ್ಲ. ಚೌತಿ ಸಮಿತಿಯವರ ಪಾವತಿ ಪುಸ್ತಕದ ಕೆಲಸ ತಲೆ ಮೇಲಿದೆ. ಹೊಸ ಕಾರ್ಡ್ ತಗೊಳ್ಳೋದಾ, ಮಾನಿಟರ್ ಬದಲಿಸೋದಾ?

ಶಿರಸಿ, ಫೋಟೋ ಸ್ಟುಡಿಯೋ:
ದಯವಿಟ್ಟು ಕಾರ್ಡ್‌ಗೆ ದುಡ್ಡು ಹಾಕಬೇಡಿ. ನಾನು ಹಾಕಿ ಸೋತವ. ಎರಡು ವರ್ಷದ ಹಿಂದೆ ನನಗೂ ಹೀಗೇ ಚೌಕ. ರಿಪೇರಿಯವ ನೋಡಿದ ಕೂಡಲೇ ಕಾರ್ಡ್ ಹೋಗಿದೆ ಅಂದ. 15,400 ಕೊಟ್ಟು ಹೊಸದು ಹಾಕಿಸಿದೆ, ಹನ್ನೊಂದು ದಿನ ಚೆಂದ ಇತ್ತು, ಮತ್ತೆ ಚೌಕ. ಆಗ ಮಾನಿಟರ್ ಅಂದ, 9,200. ಆಮೇಲೆ ಫಾರ್ಮ್ಯಾಟ್, 500. ಸಿಪಿಯು ತೊಡೆ ಮೇಲೆ ಇಟ್ಕೊಂಡು ಬಸ್ಸಲ್ಲಿ ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದೆ. ಇದರ ನಡುವೆ 38 ಶೀಟಿನ ಮದುವೆ ಆಲ್ಬಂ ತಡ ಆಯ್ತು, ಆ ಮನೆಯವರು 4,000 ಕಡಿಮೆ ಕೊಟ್ರು. ಅವರ ತಪ್ಪೂ ಅಲ್ಲ.

ಕೊನೆಗೆ ನಮ್ಮ ಭಾವ ಮಲ್ಟಿಮೀಟರ್ ತಂದು ಎಸ್‌ಎಂಪಿಎಸ್‌ನ, ಅಂದ್ರೆ ಕಂಪ್ಯೂಟರ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಪೆಟ್ಟಿಗೆಯ, ಹಳದಿ ವಯರ್ ನೋಡಿದ. ಸುಮ್ಮನೆ ಇದ್ದಾಗ 11.9 ವೋಲ್ಟ್, ಫೋಟೋ ಎಕ್ಸ್‌ಪೋರ್ಟ್‌ಗೆ ಹಾಕಿದ್ರೆ 11.1. ಆ 12 ವೋಲ್ಟಿನ ಲೈನು ಶೇ 5ರಷ್ಟೇ ಆಚೀಚೆ ಆಗಬಹುದು, ಅಂದ್ರೆ 11.4ಕ್ಕಿಂತ ಕೆಳಗೆ ಇಳೀಲಿಕ್ಕಿಲ್ಲ. 550 ವ್ಯಾಟಿನ ಹೊಸ ಎಸ್‌ಎಂಪಿಎಸ್ 4,300. ಅವತ್ತೇ ನಿಂತಿತು. ಹಳೇ ಕಾರ್ಡು ಈಗ್ಲೂ ಮಗಳ ಮಷಿನಲ್ಲಿ ಓಡ್ತಾ ಇದೆ. ನೆನೆಸಿಕೊಂಡ್ರೆ ಇವತ್ತಿಗೂ ಹೊಟ್ಟೆ ಉರೀತದೆ. ನಿಮ್ಮಲ್ಲಿ ಸಂಜೆ ಮಾತ್ರ ಅಂದ್ರಲ್ಲ, ನನ್ನದೂ ಸಂಜೆಯೇ. ಊರೆಲ್ಲ ದೀಪ ಹಾಕೋ ಹೊತ್ತಿಗೆ ನಮ್ಮಲ್ಲಿ ಮನೆ ಕರೆಂಟು 230 ವೋಲ್ಟ್ ಇರಬೇಕಾದ್ದು 185ಕ್ಕೆ ಬೀಳ್ತಿತ್ತು.

ಕುಮಟಾ:
ಎಲ್ಲಾದಕ್ಕೂ ಎಸ್‌ಎಂಪಿಎಸ್ ಅನ್ನಬೇಡಿ ಮಾರಾಯ್ರೆ. ಘಟ್ಟದ ಕೆಳಗಿನ ಕಥೆಯೇ ಬೇರೆ. ನಮ್ಮನೆಯಿಂದ ಸಮುದ್ರ ಅರ್ಧ ಕಿಲೋಮೀಟರ್ ಇಲ್ಲ. ಕಿಟಕಿ ಸರಳು ಎರಡು ವರ್ಷಕ್ಕೆ ಪುಡಿ ಆಗ್ತದೆ, ಕಂಪ್ಯೂಟರ್ ಒಳಗೆ ಆ ಉಪ್ಪುಗಾಳಿ ಹೋಗೂದಿಲ್ವಾ? ನನಗೂ ಅಡ್ಡಗೆರೆ ಬಂದಾಗ ಎಲ್ಲರೂ ಹೊಸ ಕಾರ್ಡ್ ಅಂದ್ರು. ನಾನೇ ಬಿಚ್ಚಿದೆ. ಕಾರ್ಡಿನ ಅಂಚಿಗೆ ಚಿನ್ನದ ಬಣ್ಣದ ಪಟ್ಟಿ ಸಾಲಾಗಿ ಇರ್ತದಲ್ಲ, ಅದರಲ್ಲಿ ನಾಲ್ಕು ಪಟ್ಟಿ ಮೇಲೆ ಕಂದು ಕಲೆ, ಬೆರಳಿಂದ ಉಜ್ಜಿದ್ರೂ ಹೋಗ್ಲಿಲ್ಲ. ಹಿಂದಿನ ಸ್ಕ್ರೂ ಬುಡದಲ್ಲಿ ಪಾಚಿ ಬಣ್ಣದ ಹುಡಿ, ಉಗುರಿಂದ ಕೆರೆದ್ರೆ ಉದುರ್ತಿತ್ತು. ಮಕ್ಕಳ ಬಿಳಿ ರಬ್ಬರ್ ತಕ್ಕೊಂಡು ಹಗುರಕ್ಕೆ ಒಂದೇ ದಿಕ್ಕಿಗೆ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಬಟ್ಟೆಯಲ್ಲಿ ಒರೆಸಿ, ಕೂರಿಸಿದೆ. ಮೂರು ವರ್ಷ ಆಯ್ತು. ಖರ್ಚು 180, ಆಲ್ಕೊಹಾಲ್ ಬಾಟಲಿಗೆ. ಮಳೆಗಾಲ ಪೂರ್ತಿ ದಿನಾ ಒಂದು ತಾಸಾದ್ರೂ ಮಷಿನ್ ಹಚ್ಚಿಡ್ತೇನೆ, ಒಳಗೆ ಬೆಚ್ಚಗಿದ್ರೆ ತೇವ ಕೂರೂದಿಲ್ಲ.

ಶಿರಸಿ, ಫೋಟೋ ಸ್ಟುಡಿಯೋ:
ರಬ್ಬರ್ ಹಾಕಿ ತಿಕ್ಕಿ ಅಂತ ಹೇಳೋದು ಸುಲಭ. ಆ ಚಿನ್ನದ ಲೇಪ ಎಷ್ಟು ತೆಳು ಗೊತ್ತಾ? ಗಟ್ಟಿ ರಬ್ಬರ್ ಹಿಡಿದು ಉಜ್ಜಿದ್ರೆ ಲೇಪವೇ ಎದ್ದು ಹೋಗ್ತದೆ, ಆಮೇಲೆ ಒಳಗಿನ ಲೋಹಕ್ಕೆ ಗಾಳಿ ತಾಗ್ತದೆ. ಮತ್ತೆ ತೇವ ಏನು ಕರಾವಳಿಯವರ ಸ್ವತ್ತಾ? ನಮ್ಮಲ್ಲಿ ಮಳೆ ಹಿಡಿದ್ರೆ ಕಪಾಟಿನಲ್ಲಿದ್ದ ಕ್ಯಾಮೆರಾ ಲೆನ್ಸಿಗೇ ಬೂಷ್ಟು ಬರ್ತದೆ.

ಕುಮಟಾ:
ಹಗುರಕ್ಕೆ ಅಂತ ಬರೆದಿದ್ದೇನೆ, ಓದಿ. ಬೂಷ್ಟು ಬೇರೆ, ಉಪ್ಪು ಬೇರೆ. 25 ಸಾವಿರ ಕಳಕೊಂಡ ಮೇಲೆ ಮೀಟರ್ ಹಿಡಿದವರು ನನಗೆ ಪಾಠ ಹೇಳೂದು ಬೇಡ.

ಶಿರಸಿ, ಫೋಟೋ ಸ್ಟುಡಿಯೋ:
ಕಳಕೊಂಡಿದ್ದಕ್ಕೇ ಹೇಳ್ತಾ ಇರೋದು. ಬೇರೆಯವರು ಕಳಕೊಳ್ಳಬಾರದು ಅಂತ.

ಹೊನ್ನಾವರ, ಟ್ಯೂಷನ್ ಹೇಳುವ ಅಕ್ಕೋರು:
ನಂದೂ ಕೇಳಿ. ಯಾರಾದ್ರೂ ಚಿಪ್ ಬಿಸಿ ಮಾಡಿ ಕೊಡ್ತೇನೆ ಅಂದ್ರೆ ಒಪ್ಪಬೇಡಿ. ಮಗನ ಮಷಿನಲ್ಲಿ ಆನ್ ಮಾಡಿದ ಕೂಡಲೇ, ವಿಂಡೋಸ್ ಬರೋಕೂ ಮುಂಚೆ, ಪರದೆ ತುಂಬ ಚುಕ್ಕಿ ಚುಕ್ಕಿ ಬರ್ತಿತ್ತು. ಹುಬ್ಬಳ್ಳಿಗೆ ಕಳಿಸಿದ್ವಿ. ಬಿಸಿಗಾಳಿ ಊದಿ ಸರಿ ಮಾಡಿದೆ ಅಂತ 2,800 ತಗೊಂಡ್ರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ, ಸರಿಯಾಗಿ 41 ದಿನಕ್ಕೆ ಮತ್ತೆ ಚುಕ್ಕಿ. ಎರಡನೇ ಸಲ 1,500, ಹದಿನಾರು ದಿನ. ಮೂರನೇ ಸಲ ಬೋರ್ಡೇ ಹೋಗಿದೆ ಅಂದ್ರು. ಮಗ ಆಮೇಲೆ ಓದಿ ಹೇಳಿದ: ಈಗಿನ ಸೀಸ ಇಲ್ಲದ ಬೆಸುಗೆ ಕರಗೋಕೇ 217 ಡಿಗ್ರಿ ಬೇಕಂತೆ, ಅಷ್ಟು ಮುಟ್ಟಿಸದೆ ಬಿಸಿ ಮಾಡಿದ್ರೆ ಕೆಲವು ದಿನ ಜೀವ ಬಂದ ಹಾಗೆ ಆಗಿ ಮತ್ತೆ ಹೋಗ್ತದಂತೆ. ಪರೀಕ್ಷೆ ಹೊತ್ತಿನಲ್ಲಿ ಅವನ ಡ್ರಾಯಿಂಗ್ ಕೆಲಸ ನಿಂತು, ಹುಡುಗ ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ದುಡ್ಡಿಗಿಂತ ಅದು ನನಗೆ ಬೇಜಾರು.

ಕುಮಟಾ:
ಅಕ್ಕೋರೇ, ಹುಬ್ಬಳ್ಳಿಗೆ ಯಾಕೆ ಕಳಿಸಿದ್ರಿ? ಮಡಗಾಂವಿಗೆ ಕಳಿಸಬೇಕಿತ್ತು. ರೈಲಿದೆ.

ಹೊನ್ನಾವರ, ಅಕ್ಕೋರು:
ಮಡಗಾಂವಿನಲ್ಲಿ ಬಿಸಿಗಾಳಿ ಬೇರೆ ಊದ್ತಾರಾ? ಎಲ್ಲಿಗೆ ಕಳಿಸಿದ್ರೂ ಸತ್ತ ಚಿಪ್ ಸತ್ತದ್ದೇ.

ಅಂಕೋಲಾ:
ಕೇಳಿದವರ ಪ್ರಶ್ನೆ ಎಲ್ಲೋ ಹೋಯ್ತು. ಕಾಸು ಖರ್ಚಿಲ್ಲದೆ ಎರಡು ವಿಷಯ ನೋಡಬಹುದು. ಗೆರೆ ಕಾಣ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಮೊಬೈಲಲ್ಲೂ ಗೆರೆ ಇದ್ರೆ ತೊಂದರೆ ಕಾರ್ಡು, ಡ್ರೈವರ್ (ಕಾರ್ಡು ನಡೆಸೋ ಸಾಫ್ಟ್‌ವೇರ್), ಕರೆಂಟು ಈ ಕಡೆ. ಇಲ್ಲದಿದ್ರೆ ಹೆಚ್ಚಾಗಿ ಕೇಬಲ್ ಅಥವಾ ಮಾನಿಟರ್. ಇನ್ನೊಂದು, ಮಾನಿಟರಿನ ಬಟನ್ ಒತ್ತಿ ಅದರದ್ದೇ ಮೆನು ತೆರೀರಿ. ಮೆನು ಮೇಲೂ ಗೆರೆ ಹಾಯ್ದ್ರೆ ಮಾನಿಟರಿನ ಮೇಲೆ ಅನುಮಾನ ಪಡಿ.

ನಾನು ಇಷ್ಟು ಗೊತ್ತಿಲ್ಲದೆ ಎಂಟು ತಿಂಗಳು ಒದ್ದಾಡಿದವ. ಪರದೆ ತುಂಬ ಬಿಳಿ ಚುಕ್ಕಿ ಮಿಣುಕ್ತಿತ್ತು. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಹಾಕಿ ಆರು ಸಲ ಡ್ರೈವರ್ ತೆಗೆದು ಹೊಸದು ಹಾಕಿದೆ. ಕೊನೆಗೆ ನೋಡಿದ್ರೆ ಗೋಡೆ ಸುತ್ತಿಸಿ ಎಳೆದಿದ್ದ 10 ಮೀಟರಿನ ಕೇಬಲ್. ಒಂದೂವರೆ ಮೀಟರಿಂದು 350ಕ್ಕೆ ತಂದೆ, ಮುಗೀತು. ಕಂಪ್ಯೂಟರನ್ನೇ ಟೇಬಲ್ ಹತ್ತಿರ ತಂದಿಟ್ಟೆ.

ಕುಮಟಾ:
ಎಸ್‌ಎಂಪಿಎಸ್ ಅನುಮಾನ ಇದ್ರೆ ಬಿಚ್ಚಿ ನೋಡಲಿ. ಒಳಗೆ ಕರೆಂಟ್ ಹಿಡಿದಿಡುವ ಕೆಪಾಸಿಟರ್ ಇರ್ತದೆ, ಅದರ ತಲೆ ಉಬ್ಬಿದ್ರೆ ಕಣ್ಣಿಗೇ ಕಾಣ್ತದೆ.

ಅಂಕೋಲಾ:
ಬಿಚ್ಚಿ ಅಂತ ಮಾತ್ರ ಹೇಳಬೇಡಿ! ಪ್ಲಗ್ ತೆಗೆದ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರ್ತದೆ. ನಮ್ಮ ದಾಯಾದಿ ಒಬ್ಬ ಕೈ ಹಾಕಿ ಗೋಡೆಗೆ ಹೋಗಿ ಬಿದ್ದಿದ್ದ. ಅನುಮಾನ ಇದ್ರೆ ಬೇರೆ ತಂದು ಹಾಕಿ ನೋಡಬೇಕು, ಅಷ್ಟೇ.

ಕುಮಟಾ:
ನಾನು ಹತ್ತು ವರ್ಷದಿಂದ ಬಿಚ್ತಾ ಇದ್ದೇನೆ.

ಅಂಕೋಲಾ:
ನೀವು ಬಿಚ್ಚಿ. ಕೇಳಿದವರು ಪಾವತಿ ಪುಸ್ತಕ ಮಾಡುವವರು, ಅವರಿಗೆ ಹೇಳಬೇಡಿ.

ಕಾರವಾರ, ಕೋಡಿಬಾಗ (ಕೇಳಿದವರು):
ಎಲ್ಲರಿಗೂ ದೊಡ್ಡ ಉಪಕಾರ. ಅಂಕೋಲೆಯಣ್ಣ ಹೇಳಿದ ಹಾಗೆ ಮಾಡಿದೆ. ಸ್ಕ್ರೀನ್‌ಶಾಟ್ ಮೊಬೈಲಲ್ಲಿ ನೋಡಿದ್ರೆ ಅಲ್ಲೂ ಹಸಿರು ಚೌಕ, ಗಣಪತಿ ಸೊಂಡಿಲ ಮೇಲೇ ಎರಡು. ಮಾನಿಟರಿನ ಮೆನು ಚೊಕ್ಕ ಇತ್ತು. ಕುಮಟೆಯವರು ಹೇಳಿದ್ರು ಅಂತ ಕಾರ್ಡನ್ನೂ ತೆಗೆದು ನೋಡಿದೆ. ಪಟ್ಟಿ ಮೇಲೆ ಕಲೆ ಇಲ್ಲ, ಆದ್ರೂ ಒರೆಸಿ ಕೂರಿಸಿದೆ. ಆಮೇಲೆ ಪಕ್ಕದ ಝೆರಾಕ್ಸ್ ಅಂಗಡಿಯವರ ಎಸ್‌ಎಂಪಿಎಸ್ ಕೇಳಿ ತಂದು ಹಾಕಿದೆ. 6ರಿಂದ 9ರ ತನಕ ಒಂದು ಗೆರೆಯೂ ಇಲ್ಲ.

ಶಿರಸಿ, ಫೋಟೋ ಸ್ಟುಡಿಯೋ:
ನಾನು ಮೊದಲೇ ಹೇಳಿದ್ದೆ.

ಕುಮಟಾ:
ಏನು ಹೇಳಿದ್ರಿ? ಒರೆಸಿದ್ದೂ ಅವತ್ತೇ, ಎಸ್‌ಎಂಪಿಎಸ್ ಬದಲಿಸಿದ್ದೂ ಅವತ್ತೇ. ಯಾವುದರಿಂದ ಹೋಯ್ತು ಅಂತ ಹೇಗೆ ಗೊತ್ತು? ಕಾರ್ಡ್ ಮುಟ್ಟದೆ ಹಳೇ ಎಸ್‌ಎಂಪಿಎಸ್ ವಾಪಸ್ ಹಾಕಿ ನೋಡಲಿ. ಆಗ ಒಪ್ಪುತ್ತೇನೆ.

ಕಾರವಾರ, ಕೋಡಿಬಾಗ (ಕೇಳಿದವರು):
ಹಾಕಿದೆ. ಇವತ್ತು 7.20ಕ್ಕೆ ಗೆರೆ ಬಂತು. ಹೊಸ ಎಸ್‌ಎಂಪಿಎಸ್ ಶನಿವಾರ ಬರ್ತದೆ. ಅಲ್ಲೀವರೆಗೆ ಪಾವತಿ ಪುಸ್ತಕದ ಕೆಲಸ ಮಧ್ಯಾಹ್ನದೊಳಗೇ ಮುಗಿಸ್ತಾ ಇದ್ದೇನೆ.

ಕುಮಟಾ:
ಸರಿ, ನಿಮ್ಮದು ಎಸ್‌ಎಂಪಿಎಸ್, ಒಪ್ಪಿದೆ. ನಂದು ಉಪ್ಪೇ ಆಗಿತ್ತು. ಆ ಹಸಿರು ಹುಡಿಯ ಫೋಟೋ ಇನ್ನೂ ಇಟ್ಟಿದ್ದೇನೆ, ಶಿರಸಿಯವರಿಗೆ ಬೇಕಾದ್ರೆ ಕಳಿಸ್ತೇನೆ.

ಶಿರಸಿ, ಫೋಟೋ ಸ್ಟುಡಿಯೋ:
ಕಳಿಸಿ. ಎಷ್ಟು ವ್ಯಾಟಿಂದು ಹೇಳಿದ್ದೀರಿ ಕಾರವಾರದವರೇ? 450ರ ಕೆಳಗೆ ತರಿಸಬೇಡಿ. ಒಂದು ಸ್ಟೆಬಿಲೈಸರನ್ನೂ ನೋಡಿ, ಇಲ್ಲದಿದ್ರೆ ಇದೂ ನಾಲ್ಕು ಮಳೆಗಾಲಕ್ಕೆ ಸುಸ್ತಾಗ್ತದೆ.