ಬ್ಯಾಲೆನ್ಸ್‌ಡ್ ಪವರ್: ‘ಸರಿದೂಗಿದ ಕರೆಂಟ್’ ಅನ್ನಬಹುದೇ?

ಗೆಳೆಯರೇ,

ಮನೆಯ ಆಂಪ್ಲಿಫೈಯರ್‌ಗೆಂದು ಒಂದು ಬ್ಯಾಲೆನ್ಸ್‌ಡ್ ಪವರ್ ಪೆಟ್ಟಿಗೆ ಮಾಡಿಕೊಂಡೆ. ಅದನ್ನು ಮಾಡುವ ಬಗೆಯನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರಿನ ಹತ್ತಿರವೇ ನಿಂತುಬಿಟ್ಟಿದ್ದೇನೆ.

ಪೆಟ್ಟಿಗೆಯ ಕೆಲಸ ಇಷ್ಟು. ನಮ್ಮ ಮನೆಗೆ ಬರುವ 230 ವೋಲ್ಟ್ ಪೂರ್ತಿ ಫೇಸ್ ತಂತಿಯಲ್ಲೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಪೆಟ್ಟಿಗೆಯೊಳಗೆ ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ಒಳಬರುವ, ಹೊರಹೋಗುವ ತಂತಿಸುತ್ತುಗಳು ಒಂದಕ್ಕೊಂದು ತಾಗದ ಟ್ರಾನ್ಸ್‌ಫಾರ್ಮರ್) ಇಟ್ಟು, ಅದರ ಸೆಕೆಂಡರಿ ಸುತ್ತಿನ, ಅಂದರೆ ಕರೆಂಟು ಹೊರಹೋಗುವ ಸುತ್ತಿನ, ನಟ್ಟನಡುವಿನಿಂದ ಒಂದು ತಂತಿ ತೆಗೆದು ಅರ್ಥ್‌ಗೆ ಕಟ್ಟುತ್ತೇವೆ. ಆಗ ಅರ್ಥ್‌ನಿಂದ ಅಳೆದರೆ ಎರಡೂ ತುದಿಗಳಲ್ಲಿ 115 ವೋಲ್ಟ್, ಒಂದು ತುದಿಯಿಂದ ಇನ್ನೊಂದಕ್ಕೆ ಅದೇ 230. ಒಂದು ಏರಿದಾಗ ಇನ್ನೊಂದು ಅಷ್ಟೇ ಇಳಿಯುತ್ತದೆ. ಆಂಪ್ಲಿಫೈಯರ್, ಸಿಡಿ ಪ್ಲೇಯರ್ ಇವುಗಳ ಒಳಗಿನ ಫಿಲ್ಟರ್ ಕೆಪ್ಯಾಸಿಟರ್‌ಗಳಿಂದ ಅರ್ಥ್‌ಗೆ ಸೋರುವ ಕರೆಂಟು ಎರಡೂ ಕಡೆಯಿಂದ ಬರುತ್ತದೆ, ಆದರೆ ಎದುರುಬದುರಾಗಿ. ಹಾಗಾಗಿ ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತದೆ. ಆ ಸೋರಿಕೆಯಿಂದ ಸ್ಪೀಕರಿನಲ್ಲಿ ಬರುವ ಗುಂಯ್ ಸದ್ದು ತಗ್ಗುತ್ತದೆ. ಬೇರೆ ಕಾರಣದ ಗುಂಯ್ ಇದರಿಂದ ಹೋಗುವುದಿಲ್ಲ.

ಮೊದಲು ‘ಸಮತೋಲಿತ ವಿದ್ಯುತ್’ ಎಂದು ಬರೆದಿದ್ದೆ. ಓದಿದ ಗೆಳೆಯರು “ಸ್ಟೆಬಿಲೈಜರ್ ತಾನೇ?” ಅಂದರು. ಅದಲ್ಲ. ವೋಲ್ಟೇಜ್ ಏರಿಳಿದರೆ ಈ ಪೆಟ್ಟಿಗೆ ತಡೆಯುವುದೇ ಇಲ್ಲ. ‘ಬ್ಯಾಲೆನ್ಸ್’ ಅಂದರೆ ಎಲೆಕ್ಟ್ರಿಷಿಯನ್‌ಗಳಿಗೆ ಮೂರು ಫೇಸಿಗೆ ಲೋಡ್ ಹಂಚುವುದು ನೆನಪಾಗುತ್ತದೆ.

ಆಮೇಲೆ ಹೊಳೆದದ್ದು ‘ಸರಿದೂಗು’. ಸರಿ, ತೂಗು ಸೇರಿ ಆದ ಮಾತು. ನನಗೆ ಇದು ತುಂಬಾ ಹಿಡಿಸಿದೆ. ತಕ್ಕಡಿಯ ಎರಡು ತಟ್ಟೆ ಸರಿದೂಗುತ್ತವೆ. ಬೆಳೆಯಲ್ಲಿ ಆದ ನಷ್ಟವನ್ನು ಹೈನಿನಿಂದ ಸರಿದೂಗಿಸುತ್ತೇವೆ. ಈ ಪೆಟ್ಟಿಗೆಯಲ್ಲಿ ಎರಡೂ ನಡೆಯುತ್ತದಲ್ವಾ? ವೋಲ್ಟೇಜು ತಟ್ಟೆಗಳ ಹಾಗೆ ನಿಲ್ಲುತ್ತದೆ, ಒಂದು ಕಡೆಯ ಸೋರಿಕೆಯನ್ನು ಇನ್ನೊಂದು ಕಡೆಯದು ನಷ್ಟದ ಹಾಗೆ ತುಂಬಿಕೊಡುತ್ತದೆ. ಇಂಗ್ಲಿಷಿನ ಮಾತಿನಲ್ಲಿ ಈ ಎರಡನೆಯ ಅರ್ಥ ಇಷ್ಟು ನೇರವಾಗಿಲ್ಲ. ಆದರೆ ‘ಸರಿದೂಗಿದ ಕರೆಂಟ್’ ಅನ್ನಲೇ, ‘ಸರಿದೂಗಿಸಿದ ಕರೆಂಟ್’ ಅನ್ನಲೇ? ಮೊದಲನೆಯದು ಕಿವಿಗೆ ಹಿತ. ಎರಡನೆಯದರಲ್ಲಿ ಯಾರೋ ಮಾಡಿದ್ದು ಅನ್ನುವುದು ತಿಳಿಯುತ್ತದೆ.

ಇನ್ನೊಂದು ಪದದ ತೊಡಕು ಇದಕ್ಕಿಂತ ದೊಡ್ಡದು. ಈ ಪೆಟ್ಟಿಗೆಯ ಸಾಕೆಟ್‌ನಲ್ಲಿ ನ್ಯೂಟ್ರಲ್ ಅನ್ನುವುದೇ ಇಲ್ಲ. ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಉರಿಯುತ್ತದೆ. ನಮ್ಮಲ್ಲಿ ಹಾಗೆ ಉರಿದರೆ “ನ್ಯೂಟ್ರಲ್ ಹೋಗಿದೆ” ಅನ್ನುತ್ತಾರೆ. ಹಾಗೆಂದುಕೊಂಡು ಯಾರಾದರೂ ಬಿಚ್ಚಲು ಕೈಹಾಕಿದರೆ ಅಪಾಯ. ಮಾಮೂಲಿ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ, ಇನ್ನೊಂದರಲ್ಲಿ 115 ವೋಲ್ಟ್ ಹಾಗೇ ಉಳಿಯುತ್ತದೆ. ಅದಕ್ಕೇ ಇಲ್ಲಿ ಎರಡೂ ತಂತಿ ಕಡಿಯುವ ಡಬಲ್ ಪೋಲ್ ಸ್ವಿಚ್, ಡಬಲ್ ಪೋಲ್ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್) ಬೇಕೇಬೇಕು.

ಶಾಲೆಯ ಪಾಠದ ‘ತಟಸ್ಥ ತಂತಿ’ ಅಂದರೆ ದಡದಲ್ಲಿ ನಿಂತದ್ದು. ಇಲ್ಲಿ ಎರಡೂ ತಂತಿ ನೀರಿನಲ್ಲೇ ಇವೆ. ‘ಎರಡು ಫೇಸ್’ ಅಂದರೆ ಓದಿದವರು 400 ವೋಲ್ಟ್ ಅಂದುಕೊಳ್ಳುತ್ತಾರೆ. ಅರ್ಥ್‌ಗೆ ಕಟ್ಟುವ ನಡುವಿನ ತಂತಿಗೆ ‘ನಡುಗವಲು’ ಎಂದು ನಾನೇ ಕಟ್ಟಿಕೊಂಡಿದ್ದೇನೆ. ಅದು ಸರಿಯೇ, ನೋಡಿ ಹೇಳಿ. ಆದರೆ 115 ವೋಲ್ಟಿನ ಆ ಎರಡು ತಂತಿಗಳನ್ನು ಏನೆಂದು ಕರೆಯಲಿ?

ಸದ್ಯಕ್ಕೆ ಪೆಟ್ಟಿಗೆಯ ಮೇಲೆ ‘ಎರಡೂ ಕಡೆ ಕರೆಂಟ್ ಹೊಡೆಯುತ್ತೆ’ ಎಂದು ಚೀಟಿ ಅಂಟಿಸಿದ್ದೇನೆ. ಇಷ್ಟೇ ಚೆನ್ನಾಗಿ ತಿಳಿಯುವ ಒಂದು ಪದ ಸಿಕ್ಕರೆ ದಯವಿಟ್ಟು ಬರೆಯಿರಿ.