ಮಲಗಿದ್ದೋನ ಒಳಗೆ ತಿರುಗೋ ಚಕ್ರ

ಊಟ ಆಗಿ ಕೈ ಒಣಗಿಲ್ಲ, ಸೀನ ಆಗ್ಲೇ ಕಾಲು ಚಾಚಿಬಿಟ್ಟ. ಏಳೋ ಸೋಮಾರಿ, ತಟ್ಟೆ ತೊಳಿ ಅಂದ್ರೆ, "ಸುಮ್ನಿರ್ರೋ, ಒಳಗೆ ಎಟಿಪಿ ತಯಾರಾಗ್ತಿದೆ, ನಾನು ಭಯಂಕರ ಬಿಜಿ" ಅಂತಾನೆ.

"ಅದ್ಯಾವ ಟ್ಯಾಕ್ಸೋ?" ಅಂದ ಗಿರಿ. ಲೆಕ್ಕ ಬರೆಯೋನು, ಅವನಿಗೆ ಮೂರಕ್ಷರದ್ದೆಲ್ಲಾ ಟ್ಯಾಕ್ಸೇ.

ರಾಜಿ ಶುರು ಮಾಡಿದ್ಳು. "ಜೀವಕೋಶ ಶಕ್ತಿ ಖರ್ಚು ಮಾಡೋ ಚಿಲ್ಲರೆ ಕಣೋ ಅದು. ಗ್ಲೂಕೋಸ್ ದೊಡ್ಡ ನೋಟು, ಹಂಗೇ ಕೊಟ್ರೆ ಒಳಗೆ ಯಾರೂ ತಗೊಳ್ಳಲ್ಲ, ಮುರಿಸ್ಲೇಬೇಕು. ಮೊದಲ ಸಲ ಮುರಿಸೋದು ಮೈಟೊಕಾಂಡ್ರಿಯಾ ಅನ್ನೋ ಜೀವಕೋಶದ ಶಕ್ತಿ ಕಾರ್ಖಾನೆ ಹೊರಗೇ, 10 ಹಂತ, ಮುಂಚೆ 2 ಎಟಿಪಿ ಕೈಯಿಂದ ಹಾಕ್ಬೇಕು, ಆಮೇಲೆ 4 ಬರುತ್ತೆ."

"ಎರಡು ಲಾಭಕ್ಕೆ ಹತ್ತು ಕಡೆ ಅಲೆದಾಟಾನಾ!" ಗಿರಿಗೆ ನಿಜವಾಗ್ಲೂ ಸಂಕಟ ಆಯ್ತು.

"ತಡ್ಕೋ. ಆಮೇಲೆ ಮೈಟೊಕಾಂಡ್ರಿಯಾ ಒಳಗೆ ಕ್ರೆಬ್ಸ್ ಚಕ್ರ, ಉಳಿದ ಚೂರನ್ನ ಸುತ್ತಿ ಸುತ್ತಿ ಇನ್ನೂ ಮುರಿಸೋ ಕ್ರಿಯೆ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಅದನ್ನ ಬರೆದು ನೇಚರ್ ಪತ್ರಿಕೆಗೆ ಕಳಿಸಿದ್ರೆ ವಾಪಸ್ ಬಂತು, 1953ರಲ್ಲಿ ಅದಕ್ಕೇ ನೊಬೆಲ್."

"ನನ್ನ ಅರ್ಜಿಗಳೂ ವಾಪಸ್ ಬರ್ತಾನೇ ಇವೆ" ಅಂದ ಸೀನ, ಕಣ್ಣು ಮುಚ್ಕೊಂಡೇ.

"ನೀನು ಕಳಿಸಿದ್ರೆ ತಾನೇ! ಕೇಳ್ರೋ, ಮಜಾ ಇರೋದು ಈಗ. ಆ ಚಕ್ರದಲ್ಲೂ ನೇರವಾಗಿ ಸಿಗೋದು ಎರಡೇ ಚಿಲ್ಲರೆ, ನಿಜವಾದ ಗಳಿಕೆ ಎಲೆಕ್ಟ್ರಾನು. ಅದು ಒಂದು ಪ್ರೋಟೀನಿಂದ ಇನ್ನೊಂದಕ್ಕೆ ಕೈ ಬದಲಾಗ್ತಾ ಇಳಿಯುತ್ತೆ, ಆ ಇಳಿತದ ಬಲದಲ್ಲಿ ಮೈಟೊಕಾಂಡ್ರಿಯಾದ ಒಳಪೊರೆ ಆಚೆಗೆ ಪ್ರೋಟಾನ್‌ಗಳನ್ನ ಪಂಪ್ ಮಾಡಿ ತುಂಬಿಸ್ತಾರೆ, ತುಂಬಿದ ಕೆರೆ ತೂಬಿಂದ ನುಗ್ಗೋ ಹಂಗೆ ಅವು ವಾಪಸ್ ನುಗ್ಗೋವಾಗ ಒಂದು ಚಕ್ರ, ನಿಜವಾದ ಚಕ್ರ ಕಣ್ರೋ, ಸೆಕೆಂಡಿಗೆ ನೂರು ಸುತ್ತಿನ ಲೆಕ್ಕದಲ್ಲಿ ತಿರುಗುತ್ತೆ, ಸುತ್ತಿಗೆ 3 ಎಟಿಪಿ. ಪೀಟರ್ ಮಿಚೆಲ್ 1961ರಲ್ಲಿ ಈ ಪ್ರೋಟಾನ್ ಕೆರೆ ವಿಷಯ ಹೇಳಿದಾಗ ಎಷ್ಟೋ ಜನ ನಂಬ್ಲಿಲ್ಲ, 1978ರಲ್ಲಿ ಅವನಿಗೂ ನೊಬೆಲ್."

"ಮತ್ತೆ ಆಕ್ಸಿಜನ್ ಎಲ್ಲಿ?"

"ಕಟ್ಟಕಡೇಲಿ. ಸುಸ್ತಾದ ಎಲೆಕ್ಟ್ರಾನ್ ಹಿಡ್ಕೊಂಡು ನೀರಾಗುತ್ತೆ, ಅಷ್ಟೇ. ಅದಿಲ್ದಿದ್ರೆ ಇಡೀ ಲೈನ್ ಜಾಮ್. ನಾವು ಜೀವಮಾನವೆಲ್ಲಾ ಉಸಿರಾಡೋದು ಬಹುಪಾಲು ಇದಕ್ಕೇ."

"ಒಟ್ಟು ಎಷ್ಟು ಬಂತು ಅದು ಹೇಳು" ಅಂದ ಗಿರಿ.

"ಒಂದು ಗ್ಲೂಕೋಸಿಗೆ ಹತ್ತಿರ ಹತ್ತಿರ 30. ಅರ್ಧಕ್ಕಿಂತ ಹೆಚ್ಚು ಶಕ್ತಿ ಬಿಸಿಯಾಗಿ ಹೋಗುತ್ತೆ."

"ಅರ್ಧಕ್ಕಿಂತ ಹೆಚ್ಚು ಸೋರಿಕೆ! ಆಡಿಟ್ ಮಾಡೋರು ಯಾರೂ ಇಲ್ವಾ?"

"ಮೈ ಬೆಚ್ಚಗಿರೋದೇ ಅದ್ರಿಂದ ಕಣೋ. ಇನ್ನೊಂದು ಗೊತ್ತಾ, ಮಾಡಿ ಮುರಿದು ಮತ್ತೆ ಮಾಡಿ, ದಿನಕ್ಕೆ ಹೆಚ್ಚುಕಮ್ಮಿ ನಮ್ಮ ತೂಕದಷ್ಟೇ ಎಟಿಪಿ ತಯಾರಿಸ್ತೀವಿ."

ಗಿರಿ ಸೀನನ ಹೊಟ್ಟೆ ಒಂದ್ಸಲ ನೋಡಿದ. "ಹಂಗಾದ್ರೆ ನಮ್ಮಲ್ಲಿ ದೊಡ್ಡ ಶ್ರೀಮಂತ ನೀನೇ. ಅದ್ರಲ್ಲಿ ಒಂದಿಷ್ಟು ಈ ತಟ್ಟೆಗಳ ಮೇಲೆ ಖರ್ಚು ಮಾಡಪ್ಪ."

ಸೀನ ಮಗ್ಗುಲು ಬದಲಾಯಿಸಿದ. "ಚಿಲ್ಲರೆ ಇಲ್ಲ, ಮುಂದಕ್ಕೆ ಹೋಗು."