ಅಪ್ಪನ 5 ಲಕ್ಷ ರಾಜ್ಯ ಸರ್ಕಾರದ ಬಾಂಡ್‌ಗೆ ಹಾಕಬಹುದಾ?

ವಿಜಯಪುರದಿಂದ ಕೇಳ್ತಿದ್ದೇನೆ. ಅಪ್ಪ ನಿವೃತ್ತರಾದರು. ಬಂದ ದುಡ್ಡಲ್ಲಿ 5 ಲಕ್ಷ ರಾಜ್ಯ ಸರ್ಕಾರದ ಬಾಂಡ್‌ಗೆ ಹಾಕೋಣ ಅಂತಾರೆ. ಕಾಕಾ ಮಾತ್ರ, ಇದು ಆಲಮಟ್ಟಿ ಬಾಂಡ್ ಇದ್ದ ಹಾಗೆ, ಆದ್ರೆ ಆಗಿನ ಬಡ್ಡಿ ಈಗೆಲ್ಲಿ ಅಂತ ನಗ್ತಾರೆ. ಎರಡೂ ಒಂದೇನಾ? ತಗೊಂಡವರಿದ್ದರೆ ಹೇಳ್ರಿ.

ಬಾಗಲಕೋಟೆಯಿಂದ:
ಒಂದೇ ಅಲ್ಲ. ಕಾಕಾ ಹೇಳೋದು ಕೃಷ್ಣಾ ಭಾಗ್ಯ ಜಲ ನಿಗಮದ ಬಾಂಡ್. ಆಲಮಟ್ಟಿಗೆ ಶಾಸ್ತ್ರೀಜಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಆಮೇಲೆ ಬಜೆಟ್‌ನಲ್ಲಿ ವರ್ಷಾ ವರ್ಷ ಒಂದಿಷ್ಟು ದುಡ್ಡು, ಒಂದಿಷ್ಟು ಕೆಲಸ, ಹೀಗೇ ಮೂವತ್ತು ವರ್ಷ ಹೋಯ್ತು. ಕೃಷ್ಣಾ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ತೀರ್ಪನ್ನು 2000ನೇ ಇಸವಿ ಮೇ 31ರ ನಂತರ ಮತ್ತೆ ಪರಿಶೀಲಿಸಬಹುದು ಅಂತ ಇತ್ತಲ್ಲ, ಅಷ್ಟರೊಳಗೆ ನಮ್ಮ ಪಾಲಿನ ನೀರು ಬಳಸದಿದ್ದರೆ ಕೈತಪ್ಪೀತು ಅನ್ನೋ ಹೆದರಿಕೆ ಎಲ್ಲರಿಗೂ. ಅದಕ್ಕೇ 1994ರಲ್ಲಿ ನಿಗಮ ಮಾಡಿದರು. ಅದು ಮಾರುಕಟ್ಟೆಯಲ್ಲಿ ಸಾಲ ಎತ್ತಿತು, ಸರ್ಕಾರ ಗ್ಯಾರಂಟಿ ನಿಂತಿತು. ಅಂದ್ರೆ ಸಾಲಗಾರ ನಿಗಮ, ಸರ್ಕಾರ ಜಾಮೀನುದಾರ.

ನಮ್ಮಪ್ಪನೂ ಸ್ವಲ್ಪ ತಗೊಂಡಿದ್ದರು. ಬಡ್ಡಿ ಸರಿಯಾಗಿ ಬಂತು. ಎಡವಿದ್ದು ನಾವೇ. ವಿಳಾಸ ಹಳೇ ಬಾಗಲಕೋಟೆಯದ್ದು, ನವನಗರಕ್ಕೆ ಬಂದ ಮೇಲೆ ಬದಲಿಸಲಿಲ್ಲ. ಒಂದು ಸಲ ಬಡ್ಡಿಯ ಚೆಕ್ಕು ವಾಪಸ್ ಹೋಯ್ತು, ಯಾಕಂದ್ರೆ ಆ ಓಣಿ ಆಗಲೇ ಹಿನ್ನೀರಿನಲ್ಲಿತ್ತು! ನಾವು ಸಾಲ ಕೊಟ್ಟ ಅಣೆಕಟ್ಟೇ ನಮ್ಮ ವಿಳಾಸ ನುಂಗಿತ್ತು. ಈಗ ಎಲ್ಲ ಖಾತೆಗೇ ಬರುತ್ತೆ, ಆದ್ರೂ ನಾಮಿನಿ ಹೆಸರು ಮರೀಬೇಡಿ.

ಬೆಳಗಾವಿಯಿಂದ:
ನಿಮ್ಮಪ್ಪ ಹೇಳೋದು ರಾಜ್ಯ ಅಭಿವೃದ್ಧಿ ಸಾಲ, ಎಸ್‌ಡಿಎಲ್. ಇದರಲ್ಲಿ ಸರ್ಕಾರವೇ ನೇರ ಸಾಲಗಾರ. ಹಿಂದೆ ಬಡ್ಡಿ ಮೊದಲೇ ಗೊತ್ತು ಮಾಡಿ ಬ್ಯಾಂಕುಗಳಿಗೆ ಹಂಚುತ್ತಿದ್ದರು, ನಮ್ಮಂಥವರ ಕೈಗೆ ಸಿಗ್ತಿದ್ದದ್ದು ಅಪರೂಪ. 2006-07ರಿಂದ ಪೂರ್ತಿ ಹರಾಜು, ಬಡ್ಡಿ ಅಲ್ಲೇ ಗೊತ್ತಾಗುತ್ತೆ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ರಿಟೇಲ್ ಡೈರೆಕ್ಟ್ ಶುರು ಮಾಡಿತು, ಅಂದ್ರೆ ನಮ್ಮಂಥವರೂ ಸರ್ಕಾರಿ ಬಾಂಡ್ ನೇರವಾಗಿ ಕೊಳ್ಳುವ ವ್ಯವಸ್ಥೆ. ನಾನು ಅದರಲ್ಲೇ ತಗೊಂಡಿದ್ದೇನೆ. 10,000 ರೂಪಾಯಿಯಿಂದ ಹಾಕಬಹುದು, ಖಾತೆಗೆ ಶುಲ್ಕ ಇಲ್ಲ, ಆರು ತಿಂಗಳಿಗೊಮ್ಮೆ ಬಡ್ಡಿ. ಬಡ್ಡಿಗೆ ಆದಾಯ ತೆರಿಗೆ ಇದೆ, ಅದನ್ನೂ ಲೆಕ್ಕ ಹಾಕಿ.

ಒಂದು ಮಾತು. ನಡುವೆ ದುಡ್ಡು ಬೇಕಾಯ್ತು ಅಂದ್ರೆ ಮಾರಬೇಕು, ಠೇವಣಿ ಮುರಿದ ಹಾಗಲ್ಲ. ನಾನು ಮಾರೋಕೆ ಹೋದಾಗ ಸಣ್ಣ ಮೊತ್ತ ಅಂತ ಕೊಳ್ಳೋರೇ ಇರಲಿಲ್ಲ. ಆ ಹೊತ್ತಿಗೆ ಬಡ್ಡಿ ದರ ಏರಿದ್ದರೆ ಬೆಲೆಯೂ ಇಳಿಯುತ್ತೆ. ವಯಸ್ಸಾದವರ ದುಡ್ಡು, ನಾಳೆ ಆಸ್ಪತ್ರೆ ಖರ್ಚು ಬಂದ್ರೆ? ಅಪ್ಪನಿಗೆ 60 ಆಗಿದ್ದರೆ ಮೊದಲು ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆ ನೋಡಿ, 30 ಲಕ್ಷದವರೆಗೆ ಹಾಕಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತೆ.

ಮತ್ತೆ ಬಾಗಲಕೋಟೆಯಿಂದ:
ಹೌದು, ಅದೇ ಸರಿ. ಇನ್ನೊಂದು, ಆಲಮಟ್ಟಿಯ ನೀರಿನ ಮಟ್ಟವನ್ನು 519.60ರಿಂದ 524.256 ಮೀಟರ್‌ಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದ ಮಾತು ಇಲ್ಲಿ ದಿನಾ ಇದೆ. ಅದಕ್ಕೂ ಸಾಲ ಬೇಕೇ ಬೇಕು, ಅಲ್ವಾ? ನಾಳೆ ಯಾರಾದರೂ ಹೊಸ ಬಾಂಡ್ ಹಿಡ್ಕೊಂಡು ಬಂದ್ರೆ ಬಡ್ಡಿ ಎಷ್ಟು ಅಂತ ಆಮೇಲೆ ಕೇಳಿ, ಸಾಲಗಾರ ಯಾರು ಅಂತ ಮೊದಲು ಓದಿ.

ವಿಜಯಪುರದಿಂದ:
ಥ್ಯಾಂಕ್ಸ್ ರೀ. 1 ಲಕ್ಷ ಎಸ್‌ಡಿಎಲ್, ಉಳಿದದ್ದು ಅಂಚೆ ಕಚೇರಿಗೆ ಅಂತ ಅಪ್ಪ ಒಪ್ಪಿದರು. ಕಾಕಾ ಈಗ ಹಳೇ ಟ್ರಂಕು ತೆಗೆದು ಕೂತಿದ್ದಾರೆ.